ಗುಟ್ಟು ನಿಲ್ಲದ ಊರಿನಲ್ಲಿ ಕೋಚ್ ಆಗುವವರಿಗೆ

ಬೇಲೂರು ತಾಲ್ಲೂಕಿನ ಬಿಕ್ಕೋಡಿನಂಥ ಊರಿನಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ವಾರಕ್ಕೊಂದು ಸಲ ಹೋಗಿ, ಬಾಗಿಲು ಓರೆ ಮಾಡಿಕೊಂಡು ಒಂದು ಗಂಟೆ ಮಾತಾಡಿ ಬಂದರೆ, ಮೂರನೆಯ ವಾರಕ್ಕೆ ಟೀ ಅಂಗಡಿಯಲ್ಲಿ ಅದಕ್ಕೊಂದು ಕಾರಣ ಸಿದ್ಧವಾಗಿರುತ್ತದೆ. ಸಾಲ ಇರಬೇಕು, ಇಲ್ಲವೇ ಸಂಬಂಧ ಕುದುರುತ್ತಿರಬೇಕು, ಅದೂ ಅಲ್ಲದಿದ್ದರೆ ತೋಟ ಮಾರಾಟಕ್ಕಿರಬೇಕು. ಇಂಥ ಊರಿನ ಫೋನುಗಳಿಗೂ ಈಗ 'ಲೈಫ್ ಕೋಚ್ ಆಗಿ, ಮನೆಯಲ್ಲೇ ಕೂತು ಸಂಪಾದಿಸಿ' ಎಂಬ ರೀಲುಗಳು ಬರುತ್ತಿವೆ. ಕೆಲವರು ದುಡ್ಡು ಕಟ್ಟಿ ಸೇರುತ್ತಿದ್ದಾರೆ. ಕೆಲವರು ಕೋಚ್ ಒಬ್ಬರಿಗೆ ಫೀಸು ಕೊಟ್ಟು ಆನ್‌ಲೈನಿನಲ್ಲಿ ಮಾತಾಡುತ್ತಿದ್ದಾರೆ. ಈ ಲೇಖನ ಇಬ್ಬರಿಗೂ ಹೌದು. ಸಿಇಟಿ, ನೀಟ್ ಪಾಠ ಹೇಳುವ ಕೋಚಿಂಗ್ ಸೆಂಟರಿನ ವಿಷಯ ಇದಲ್ಲ. ಒಬ್ಬ ವ್ಯಕ್ತಿ ತನ್ನ ಕೆಲಸ, ಮನೆತನ, ಮುಂದಿನ ದಾರಿಯ ಬಗ್ಗೆ ತಾನೇ ಯೋಚಿಸಿ ತೀರ್ಮಾನಕ್ಕೆ ಬರಲು ಜೊತೆಗೆ ಕೂರುವ ವೃತ್ತಿಯ ವಿಷಯ.

ಈ ವೃತ್ತಿಯ ಪುಸ್ತಕಗಳೆಲ್ಲ ಕಂಪನಿ, ಮ್ಯಾನೇಜರ್, ಗಾಜಿನ ಕೋಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬೇಲೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರಕ್ಕೆ ಅವು ಹೊಂದುತ್ತವೆಯೇ ಎಂದರೆ, ಕೌಶಲಗಳ ಭಾಗ ಬಹುಪಾಲು ಹೊಂದುತ್ತದೆ. ನೀತಿಯ ಭಾಗ ಹೊಂದುವುದಷ್ಟೇ ಅಲ್ಲ, ಇಲ್ಲಿ ಇನ್ನೂ ಬಿಗಿಯಾಗಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೋಚ್ ಬಾಯಿ ಜಾರಿದರೆ ಒಬ್ಬ ಗಿರಾಕಿ ಹೋಗುತ್ತಾನೆ. ಬಿಕ್ಕೋಡಿನಲ್ಲಿ ಬಾಯಿ ಜಾರಿದರೆ ಒಂದು ಮನೆ ಮೂರು ತಲೆಮಾರು ಮಾತು ಬಿಡುತ್ತದೆ.

ಯಾರು ಸಲಹೆ ಕೊಡುತ್ತಾರೆ, ಯಾರು ಕೇಳುತ್ತಾರೆ

ಸಲಹೆ ಕೊಡುವವರಿಗೂ ಪ್ರಶ್ನೆ ಕೇಳುವ ಕೋಚ್‌ಗೂ ಇರುವ ವ್ಯತ್ಯಾಸ ಕಾಫಿ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದಿದೆ ಅನ್ನಿ. ಕಾಫಿ ಮಂಡಳಿಯ ಅಧಿಕಾರಿ ಬಂದು, ಗಿಡ ಕಿತ್ತು ಸುಡಿ, ನೆರಳು ಹೆಚ್ಚಿಸಿ ಎನ್ನುತ್ತಾರೆ. ಅದು ತಜ್ಞರ ಸಲಹೆ. ಪಕ್ಕದ ತೋಟದ ಹಿರಿಯರು, 'ನಾನು ಹಂಗೇ ಬಿಟ್ಟಿದ್ದೆ, ಎರಡು ವರ್ಷದಲ್ಲಿ ಅರ್ಧ ತೋಟ ಹೋಯ್ತು' ಎಂದು ತಮ್ಮ ಅನುಭವ ಹೇಳುತ್ತಾರೆ. ಅದು ಮಾರ್ಗದರ್ಶನ. ತೋಟದ ಚಿಂತೆಯಲ್ಲಿ ನಿದ್ದೆಯೇ ಬಾರದೆ, ಊಟ ಸೇರದೆ, ಬದುಕೇ ಬೇಡವಾಗಿದ್ದರೆ ಮನೋವೈದ್ಯರು ನೋಡುತ್ತಾರೆ. ಅದು ಚಿಕಿತ್ಸೆ. ಕೋಚ್ ಈ ಮೂರನ್ನೂ ಮಾಡುವುದಿಲ್ಲ. 'ಈ ತೋಟ ಹತ್ತು ವರ್ಷ ಆದ್ಮೇಲೆ ಹೇಗಿರಬೇಕು ಅಂತಿದ್ದೀರಿ? ಅದಕ್ಕೆ ಈ ಕೊಯ್ಲು ಮುಗಿಯೋದ್ರೊಳಗೆ ಏನಾಗ್ಬೇಕು?' ಎಂದು ಕೇಳಿ, ಉತ್ತರ ಬರುವತನಕ ಕೂರುತ್ತಾನೆ.

ಇಷ್ಟಕ್ಕೇ ಒಂದು ವೃತ್ತಿಯೇ ಎಂದು ಮೂಗು ಮುರಿಯುವವರಿದ್ದಾರೆ. ತಪ್ಪೇನಿಲ್ಲ, ಮೊದಲು ಎಲ್ಲರೂ ಮುರಿದವರೇ. ಅಮೆರಿಕದ ಟೆನಿಸ್ ತರಬೇತುದಾರ ಟಿಮೊಥಿ ಗಾಲ್ವೇ 1974ರಲ್ಲಿ ಬರೆದ ಪುಸ್ತಕದಲ್ಲಿ ಹೇಳಿದ್ದು ಇಷ್ಟು: ಆಟಗಾರನಿಗೆ ಹೀಗೆ ಹೊಡಿ, ಹಾಗೆ ಹೊಡಿ ಎಂದು ಹೇಳುತ್ತಾ ಹೋದಷ್ಟೂ ಅವನ ಆಟ ಕೆಡುತ್ತದೆ. ಚೆಂಡನ್ನು ಗಮನಿಸಲು ಬಿಟ್ಟರೆ ಅವನೇ ತಿದ್ದಿಕೊಳ್ಳುತ್ತಾನೆ. ಕಾರ್ ರೇಸಿನಲ್ಲಿ ಹೆಸರು ಮಾಡಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ ಇದನ್ನು ಕಚೇರಿಗಳಿಗೆ ತಂದರು. 1992ರ ಅವರ ಪುಸ್ತಕ ಈಗಲೂ ಈ ವೃತ್ತಿಯವರ ಕೈಪಿಡಿ. ಗುರಿ ಏನು, ಈಗಿನ ಸ್ಥಿತಿ ಏನು, ದಾರಿಗಳು ಯಾವುವು, ಯಾವುದನ್ನು ಮಾಡುತ್ತೀರಿ ಎಂಬ ನಾಲ್ಕು ಮೆಟ್ಟಿಲಿನ ಪ್ರಶ್ನಾವಳಿ ಜಗತ್ತಿನಾದ್ಯಂತ ಹರಡಿದ್ದು ಅವರಿಂದ. 1995ರಲ್ಲಿ ಅಮೆರಿಕದಲ್ಲಿ ಥಾಮಸ್ ಲಿಯೊನಾರ್ಡ್ ಹುಟ್ಟುಹಾಕಿದ ಸಂಸ್ಥೆಯೇ ಇಂದಿನ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಚಿಕ್ಕದಾಗಿ ಐಸಿಎಫ್. ಬೆಂಗಳೂರಿನಲ್ಲೂ ಅದರ ಶಾಖೆ ಇದೆ.

ಐಸಿಎಫ್ ಒಬ್ಬ ಕೋಚ್‌ಗೆ ಬೇಕಾದ ಸಾಮರ್ಥ್ಯಗಳನ್ನು ಎಂಟಾಗಿ ಪಟ್ಟಿ ಮಾಡಿದೆ. ಪಟ್ಟಿಯ ಮೊದಲ ಸಾಲಿನಲ್ಲಿರುವುದು ಪ್ರಶ್ನೆ ಕೇಳುವ ಜಾಣ್ಮೆಯಲ್ಲ, ನೀತಿಯಿಂದ ನಡೆದುಕೊಳ್ಳುವುದು. ಎರಡನೆಯದು ಕೋಚ್‌ನ ಮನೋಧರ್ಮ, ಎಂದರೆ ಎದುರಿಗೆ ಕೂತವರೇ ತಮ್ಮ ಬದುಕಿನ ಯಜಮಾನರು ಎಂದು ಒಪ್ಪಿಕೊಂಡು ಕೂರುವುದು. ಇವೆರಡೂ ಬುನಾದಿ. ಒಪ್ಪಂದ ಮಾಡಿಕೊಳ್ಳುವುದು, ನಂಬಿಕೆ ಕಟ್ಟುವುದು, ಪೂರ್ತಿ ಗಮನವಿಟ್ಟು ಕೂರುವುದು, ಆಲಿಸುವುದು, ಅರಿವು ಮೂಡಿಸುವುದು, ಬೆಳವಣಿಗೆಗೆ ಒತ್ತಾಸೆಯಾಗುವುದು ಅದರ ಮೇಲೆ ಏಳುವ ಗೋಡೆಗಳು. ಎರಡು ದಿನದ ವರ್ಕ್‌ಶಾಪು ಮಾಡುವವರು ಸಾಮಾನ್ಯವಾಗಿ ಗೋಡೆಯಿಂದಲೇ ಶುರು ಮಾಡುತ್ತಾರೆ. ಬುನಾದಿ ಕಲಿಸುವುದಕ್ಕೆ ಸಮಯ ಹಿಡಿಯುತ್ತದೆ, ಸರ್ಟಿಫಿಕೇಟಿನ ಮೇಲೆ ಅದು ಕಾಣುವುದೂ ಇಲ್ಲ.

ಅಪ್ಪ ದುಡ್ಡು ಕೊಟ್ಟರೆ ಗಿರಾಕಿ ಯಾರು?

ಈ ಸೀಮೆಯಲ್ಲಿ ಕೋಚ್‌ಗೆ ಬರುವ ಮೊದಲ ಕೇಸು ಬಹುಶಃ ಹೀಗಿರುತ್ತದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಗ ತೋಟ ನೋಡಿಕೊಳ್ಳಲು ಊರಿಗೆ ಬಂದಿದ್ದಾನೆ. ಒಂದೆರಡು ಕೊಯ್ಲು ಮುಗಿದಿವೆ. ಅಪ್ಪನಿಗೂ ಮಗನಿಗೂ ದಿನಾ ಜಟಾಪಟಿ. ಊರಿನ ನಿವೃತ್ತ ಮೇಷ್ಟ್ರೊಬ್ಬರು ಕೋಚಿಂಗ್ ಕಲಿತಿದ್ದಾರೆಂದು ಗೊತ್ತಾಗಿ ಅಪ್ಪ ಬರುತ್ತಾರೆ: 'ಮೇಷ್ಟ್ರೇ, ನಿಮ್ಮ ಶಿಷ್ಯನೇ ಅವನು. ಸ್ವಲ್ಪ ಬುದ್ಧಿ ಹೇಳಿ. ಫೀಸು ಎಷ್ಟಾದ್ರೂ ಆಗ್ಲಿ, ನಾನು ಕೊಡ್ತೀನಿ. ಅವನ ತಲೇಲಿ ಏನಿದೆ ಅಂತ ಮಾತ್ರ ನನಗೆ ಹೇಳ್ಬಿಡಿ.'

ಇಷ್ಟು ಮಾತಿನಲ್ಲಿ ಮೂರು ತೊಡಕಿದೆ. ಬುದ್ಧಿ ಹೇಳಿ ಎನ್ನುವುದು ಕೋಚ್‌ನ ಕೆಲಸವಲ್ಲ. ದುಡ್ಡು ಕೊಡುವವರು ಒಬ್ಬರು, ಎದುರಿಗೆ ಕೂರುವವರು ಇನ್ನೊಬ್ಬರು. ಹಳೆಯ ಗುರು-ಶಿಷ್ಯ ಸಂಬಂಧ ಬೇರೆ ನಡುವೆ ನಿಂತಿದೆ. ಕಂಪನಿಗಳಲ್ಲೂ ಇದೇ ಕತೆ. ದುಡ್ಡು ಎಚ್‌ಆರ್ ವಿಭಾಗದ್ದು, ಕೂರುವವನು ನೌಕರ. ಆದ್ದರಿಂದ ಐಸಿಎಫ್ ನೀತಿ ಸಂಹಿತೆ ಪ್ರಾಯೋಜಕರಿಗೂ ಗಿರಾಕಿಗೂ ಪಾತ್ರಗಳನ್ನು ಬೇರೆ ಬೇರೆ ಮಾಡಿ ಹೇಳುತ್ತದೆ. ಯಾವ ಮಾಹಿತಿ ಯಾರಿಗೆ ಹೋಗುತ್ತದೆ ಎಂಬುದು ಶುರುವಿನಲ್ಲೇ, ಎಲ್ಲರಿಗೂ ತಿಳಿಯುವಂತೆ ಇತ್ಯರ್ಥವಾಗಬೇಕು ಎನ್ನುತ್ತದೆ.

ಹಾಗಾದರೆ ಮೇಷ್ಟ್ರು ಏನು ಹೇಳಬೇಕು? ನನ್ನ ಮಟ್ಟಿಗೆ ಇಷ್ಟು ಸಾಕು: 'ಗೌಡ್ರೇ, ದುಡ್ಡು ನೀವು ಕೊಡಿ, ಸಂತೋಷ. ಆದ್ರೆ ಅವನು ನನ್ನ ಹತ್ರ ಆಡಿದ ಮಾತು ನಿಮಗೆ ಬರಲ್ಲ. ಎಷ್ಟು ಸಲ ಬಂದ ಅನ್ನೋದು ಬೇಕಾದ್ರೆ ಹೇಳ್ತೀನಿ, ಅದೂ ಅವನು ಒಪ್ಪಿದ್ರೆ. ನಿಮ್ಗೆ ತಿಳಿಯಬೇಕಾದ್ದು ಏನಾದ್ರೂ ಇದ್ರೆ ಅವನೇ ಹೇಳ್ತಾನೆ. ಇದು ಒಪ್ಪಿಗೇನಾ?' ಒಪ್ಪಿಗೆ ಇಲ್ಲವೆಂದರೆ ಫೀಸು ಬಿಟ್ಟು ಬರಬೇಕು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಎಂಬ ಗಾದೆ ಈ ವೃತ್ತಿಗೆಂದೇ ಹುಟ್ಟಿದ ಹಾಗಿದೆ.

ಮಗ ಬಂದು ಕೂತಮೇಲೆ ಎರಡನೆಯ ಒಪ್ಪಂದ.

'ಅಪ್ಪ ಹೇಳಿದ್ರು ಅಂತ ಬಂದೆ ಮೇಷ್ಟ್ರೇ.'

'ಅದು ಅಪ್ಪನ ಲೆಕ್ಕ. ಇಲ್ಲಿ ಕೂತು ಏನು ಬಗೆಹರಿದ್ರೆ ನಿನಗೆ ಬಂದಿದ್ದಕ್ಕೂ ಸಾರ್ಥಕ ಅನ್ಸುತ್ತೆ?'

ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕೋಚಿಂಗ್ ಶುರುವಾಗಿಲ್ಲ. ಕೆಲವೊಮ್ಮೆ ಅದಕ್ಕೇ ಒಂದು ಪೂರ್ತಿ ಸಿಟ್ಟಿಂಗ್ ಹೋಗುತ್ತದೆ, ಹೋಗಲಿ.

ಬಾಯಿ ಮಾತಿನ ಒಪ್ಪಂದ ಸಾಲದು. ಒಂದೇ ಹಾಳೆಯಾದರೂ ಸರಿ, ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಬೇಕು. ಯಾವ ವಿಷಯಕ್ಕೆ ಕೂರುತ್ತಿದ್ದೇವೆ, ಎಷ್ಟು ಸಲ, ಎಷ್ಟು ಹೊತ್ತು, ಎಲ್ಲಿ, ಫೀಸು ಎಷ್ಟು, ಬಾರದಿದ್ದ ದಿನ ಏನು, ನಡುವೆ ನಿಲ್ಲಿಸಬೇಕೆಂದರೆ ಹೇಗೆ, ಉಳಿದ ಹಣ ವಾಪಸು ಯಾವಾಗ, ಮಾತು ಎಲ್ಲಿಯವರೆಗೆ ಗುಟ್ಟು, ಯಾವ ಸಂದರ್ಭದಲ್ಲಿ ಗುಟ್ಟು ಮುರಿಯುತ್ತದೆ. ಕೋಚ್ ವೈದ್ಯರಲ್ಲ, ವಕೀಲರಲ್ಲ, ಹಣಕಾಸು ಸಲಹೆಗಾರರಲ್ಲ ಎಂಬ ಒಂದು ಸಾಲೂ ಇರಲಿ. ನಮ್ಮಲ್ಲಿ ಕಾಗದ ಎಂದ ಕೂಡಲೇ ಜನ ಹೆದರುತ್ತಾರೆ, ಜಮೀನು ಬರೆಸಿಕೊಳ್ಳುತ್ತಾರೇನೋ ಎಂಬಂತೆ. ಓದಿ ಹೇಳಿ, ಒಂದು ಪ್ರತಿ ಅವರ ಕೈಗೇ ಕೊಟ್ಟು, ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದರೆ ಆ ಹೆದರಿಕೆ ಹೋಗುತ್ತದೆ.

ಗುಟ್ಟು ಎಲ್ಲಿ ಸೋರುತ್ತದೆ

ಕೋಚ್ ಬೇಕೆಂದೇ ಗುಟ್ಟು ಬಿಚ್ಚುವುದು ಅಪರೂಪ. ಸೋರುವುದು ಬೇರೆ ದಾರಿಗಳಲ್ಲಿ.

ಮೊದಲನೆಯದು ಜಾಗ. ಮನೆಯ ಜಗುಲಿಯಲ್ಲಿ ಕೂತರೆ ದಾರಿಯಲ್ಲಿ ಹೋಗುವವರೆಲ್ಲ ಸಾಕ್ಷಿ. ಒಳಗೆ ಕೂತರೆ ಮನೆಯವರ ಕಿವಿ. ಹೆಣ್ಣುಮಗಳೊಬ್ಬಳು ಗಂಡಸಿನ ಹತ್ತಿರ, ಗಂಡಸೊಬ್ಬ ಹೆಣ್ಣುಮಗಳ ಹತ್ತಿರ ಬಾಗಿಲು ಹಾಕಿಕೊಂಡು ಕೂರುವುದಂತೂ ಈ ಸೀಮೆಯಲ್ಲಿ ಆಗದ ಮಾತು. ಫೋನಿನಲ್ಲಿ ಮಾತಾಡುವುದು ವಾಸಿ, ಆದರೆ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗೇಟಿನ ಹತ್ತಿರ ಬಂದು ಜೋರಾಗಿ ಮಾತಾಡುವುದೇ ರೂಢಿ. ಶಾಲೆಯ ಕೋಣೆಯೋ, ಗ್ರಂಥಾಲಯದ ಒಂದು ಮೂಲೆಯೋ, ಹತ್ತು ಜನ ಬಂದು ಹೋಗುವ, ಆದರೆ ಮಾತು ಕೇಳಿಸದ ಜಾಗ ಒಳ್ಳೆಯದು. ಬಾಗಿಲು ತೆರೆದಿರಲಿ, ಕಿವಿ ಮಾತ್ರ ದೂರವಿರಲಿ. ಬೇಲೂರಿಗೋ ಹಾಸನಕ್ಕೋ ಹೇಗೂ ಕೆಲಸವಿದ್ದು ಹೋಗುವ ದಿನ ಅಲ್ಲೇ ಭೇಟಿಯಾಗುವುದು ಎಲ್ಲಕ್ಕಿಂತ ಮೇಲು.

ಎರಡನೆಯದು ಹೊಗಳಿಕೆ. 'ನನ್ನ ಕೋಚಿಂಗಿನಿಂದ ಸಂಘದ ಅಧ್ಯಕ್ಷೆಯೊಬ್ಬರಿಗೆ ವೇದಿಕೆ ಭಯ ಹೋಯಿತು' ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದರೆ, ಬೆಂಗಳೂರಿನಲ್ಲಿ ಅದು ಯಾರೆಂದು ತಿಳಿಯುವುದಿಲ್ಲ. ಬಿಕ್ಕೋಡಿನಲ್ಲಿ ಹೆಸರೇ ಬೇಡ. ಹೋಬಳಿಯಲ್ಲಿ ಇರುವ ಸಂಘಗಳೆಷ್ಟು, ಅಧ್ಯಕ್ಷೆಯರೆಷ್ಟು, ಹೊಸದಾಗಿ ಮೈಕು ಹಿಡಿದವರು ಯಾರು ಎಂದು ಯಾರು ಬೇಕಾದರೂ ಲೆಕ್ಕ ಹಾಕುತ್ತಾರೆ. ಹೆಸರು ಬದಲಿಸಿದ ಉದಾಹರಣೆಯನ್ನೂ ಊರಿನೊಳಗೆ ಹೇಳಬಾರದು ಎಂಬುದು ನನ್ನ ತೀರ್ಪು. ಪುಸ್ತಕಗಳು ಅಷ್ಟು ಕಟ್ಟುನಿಟ್ಟಾಗಿ ಹೇಳುವುದಿಲ್ಲ, ಇರಲಿ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರಂಥ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಕೋಚ್‌ಗೆ ಆ ಭಾಗ್ಯವಿಲ್ಲ. ಮಾಡಿದ ಕೆಲಸಕ್ಕೆ ತನ್ನ ಸಹಿ ಹಾಕಬೇಕೆಂಬ ಆಸೆ ತಡೆಯಲಾರದವರು ಬೇರೆ ವೃತ್ತಿ ನೋಡಿಕೊಳ್ಳುವುದು ಕ್ಷೇಮ.

ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು, ಒಂದೇ ಮನುಷ್ಯನಿಗೆ ಇರುವ ಹತ್ತು ನಂಟುಗಳು. ಕೋಚ್ ಸಹಕಾರ ಸಂಘದ ನಿರ್ದೇಶಕ, ಗಿರಾಕಿ ಅದೇ ಸಂಘದಲ್ಲಿ ಸಾಲಗಾರ. ಕೋಚ್‌ನ ಹೆಂಡತಿ ಗಿರಾಕಿಯ ಮಗಳಿಗೆ ಟೀಚರ್. ಇಬ್ಬರೂ ಒಂದೇ ದೇವಸ್ಥಾನದ ಸಮಿತಿಯಲ್ಲಿ, ಪಂಚಾಯಿತಿ ಚುನಾವಣೆಯಲ್ಲಿ ಎದುರುಬದುರು. ನೀತಿ ಸಂಹಿತೆ ಇದನ್ನು ಹಿತಾಸಕ್ತಿ ಸಂಘರ್ಷ ಎನ್ನುತ್ತದೆ. ನಂಟೇ ಇಲ್ಲದವರನ್ನು ಹುಡುಕಬೇಕೆಂದರೆ ಹೋಬಳಿ ಬಿಟ್ಟು ಹೋಗಬೇಕಾಗುತ್ತದೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇವರು ತೆಗೆದುಕೊಳ್ಳುವ ತೀರ್ಮಾನದಿಂದ ನನಗೆ ಲಾಭವೋ ನಷ್ಟವೋ ಇದೆಯೇ? ಇವರ ಮೇಲೆ ಅಧಿಕಾರ ಚಲಾಯಿಸುವ ಜಾಗದಲ್ಲಿ ನಾನಿದ್ದೇನೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಒಪ್ಪಿಕೊಳ್ಳಬಾರದು. ಸಾಲ ಮಂಜೂರು ಮಾಡುವ ನಿರ್ದೇಶಕ ಸಾಲಗಾರನ ಕೋಚ್ ಆಗುವಂತಿಲ್ಲ. ತೋಟ ಕೊಳ್ಳಲು ಕಣ್ಣಿಟ್ಟಿರುವ ದಲ್ಲಾಳಿಯ ಭಾವ, ತೋಟ ಮಾರಲೋ ಬೇಡವೋ ಎಂದು ತೊಳಲಾಡುವವರ ಎದುರು ಕೂರುವಂತಿಲ್ಲ. ಎರಡಕ್ಕೂ ಇಲ್ಲವಾದರೆ, ಇರುವ ನಂಟನ್ನು ಬಾಯಿಬಿಟ್ಟು ಹೇಳಿ, ಅವರು ಒಪ್ಪಿದರೆ ಮುಂದುವರಿಯಬಹುದು. ಗಿರಾಕಿಯೊಂದಿಗೆ ಪ್ರಣಯ ಅಥವಾ ದೈಹಿಕ ಸಂಬಂಧ ಐಸಿಎಫ್ ಸಂಹಿತೆಯಲ್ಲಿ ಪೂರ್ತಿ ನಿಷಿದ್ಧ. ಅದಕ್ಕೆ ಒಪ್ಪಿಗೆಯ ಮಾತೇ ಬರುವುದಿಲ್ಲ.

ಆಮೇಲೆ ಟಿಪ್ಪಣಿ. ನೋಟ್‌ಬುಕ್ಕಿನಲ್ಲಿ ಪೂರ್ತಿ ಹೆಸರು ಬರೆಯಬೇಡಿ. ಬೀಗ ಹಾಕುವ ಪೆಟ್ಟಿಗೆಯಲ್ಲಿಡಿ. ಫೋನಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಕೇಳಿ, ಅದು ಯಾವಾಗ ಅಳಿಸಿ ಹೋಗುತ್ತದೆಂದು ಹೇಳಿ. ಸಂತೆಯಲ್ಲಿ, ಮದುವೆ ಮನೆಯಲ್ಲಿ ಎದುರಾದಾಗ ನೀವಾಗಿ 'ಹೆಂಗೆ ನಡೀತಿದೆ ಆ ವಿಷ್ಯ' ಎಂದು ಕೇಳಲೇಬೇಡಿ. ಅವರು ಮಾತಾಡಿಸಿದರೆ ಮಳೆ, ಮೆಣಸಿನ ರೇಟು ಮಾತಾಡಿ.

ಗುಟ್ಟಿಗೂ ಎಲ್ಲೆ ಇದೆ, ಅದನ್ನು ಮೊದಲ ದಿನವೇ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೂ ಶಿಕ್ಷಾರ್ಹ, ಕೋಚ್ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಗಿರಾಕಿ ತನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ತರುವ ಸೂಚನೆ ಕಂಡರೂ ಸುಮ್ಮನಿರುವಂತಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ನಂಬರುಗಳನ್ನು ಒಪ್ಪಂದದ ಹಾಳೆಯ ಕೆಳಗೇ ಬರೆದಿಡಿ.

ಬಾಯಿ ಮುಚ್ಚಿಕೊಂಡು ಕೂರುವ ವಿದ್ಯೆ

ಅಮೆರಿಕದಲ್ಲಿ 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಇಬ್ಬರು ಸಂಶೋಧಕರು ವೈದ್ಯರ ಕೋಣೆಯ ಮಾತುಕತೆಗಳನ್ನು ಕೇಳಿ ಅಳೆದರು. ರೋಗಿ ತನ್ನ ತೊಂದರೆ ಹೇಳಲು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ವೈದ್ಯರು ಬಾಯಿ ಹಾಕುತ್ತಿದ್ದರು. ನಮ್ಮಲ್ಲಿ ಅಷ್ಟು ಹೊತ್ತು ಕಾಯುವವರಿದ್ದರೆ ಪುಣ್ಯವಂತರು. ಮನೆಗೆ ಬಂದವರಿಗೆ ಒಂದು ಲೋಟ ಕಾಫಿ, ಜೊತೆಗೆ ಎರಡು ಸಲಹೆ ಕೊಡದೆ ಕಳಿಸುವುದು ಮಲೆನಾಡಿನಲ್ಲಿ ಮರ್ಯಾದೆಗೆ ಕಡಿಮೆ.

ಸಲಹೆ ಕೊಡಲೆಂದೇ ಹುಟ್ಟಿದಂಥ ಸನ್ನಿವೇಶವೊಂದನ್ನು ಊಹಿಸಿಕೊಳ್ಳಿ. ಅದೇ ಮಗ, ಅದೇ ಮೇಷ್ಟ್ರು.

'ತೋಟ ಲೀಸಿಗೆ ಕೊಟ್ಬಿಡೋಣ ಅನ್ಸಿದೆ ಮೇಷ್ಟ್ರೇ.'

ಇಲ್ಲಿ ನಾಲಿಗೆಯ ತುದಿಗೆ ಬರುವ ಮಾತು, 'ಅಯ್ಯೋ, ಈಗಿನ ಕಾಫಿ ರೇಟಲ್ಲಿ ಯಾರಾದ್ರೂ ಲೀಸಿಗೆ ಕೊಡ್ತಾರೇನೋ!' ಆಡಿದರೆ ಮಾತುಕತೆ ಮುಗಿಯಿತು. ಮಗನಿಗೆ ಮನೆಯಲ್ಲಿ ಸಿಕ್ಕಿದ್ದೇ ಇಲ್ಲೂ ಸಿಕ್ಕಿತು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ಕೇಳುತ್ತಾರೆ:

'ಯಾವಾಗಿಂದ ಅನ್ಸಕ್ಕೆ ಶುರುವಾಗಿದ್ದು?'

'ಹೋದ ಕೊಯ್ಲಿಂದ.'

ಮೇಷ್ಟ್ರು ಸುಮ್ಮನಿದ್ದಾರೆ. ಹುಡುಗ ಕಿಟಕಿ ನೋಡುತ್ತಾನೆ, ಫೋನು ತಿರುಗಿಸುತ್ತಾನೆ. ಮೇಷ್ಟ್ರು ಇನ್ನೂ ಸುಮ್ಮನಿದ್ದಾರೆ.

'ಲೆಕ್ಕ ಬರೀತಿದ್ದ ರೈಟರ್ ಬಿಟ್ಟು ಹೋದ್ರಲ್ಲ... ಆಮೇಲೆ ಕೂಲಿ ಲೆಕ್ಕ, ಅಡ್ವಾನ್ಸು, ಯಾವ್ದೂ ನಂಗೆ ಹಿಡಿತಕ್ಕೆ ಸಿಗ್ತಿಲ್ಲ. ಕಣದಲ್ಲಿ ಎಷ್ಟು ಮೂಟೆ ಒಣಗ್ತಿದೆ ಅಂತ ಅಪ್ಪ ಕೇಳಿದ್ರೆ ಒಂದೊಂದು ದಿನ ಒಂದೊಂದು ಹೇಳ್ತೀನಿ. ಇಂಜಿನಿಯರಿಂಗ್ ಓದಿ ಬಂದು ಇದು ಗೊತ್ತಾಗಲ್ಲ ಅಂತ ಅವರ ಹತ್ರ ಹೆಂಗೆ ಹೇಳ್ಲಿ?'

ವಿಷಯ ಲೀಸಲ್ಲ, ಲೆಕ್ಕ. ಲೆಕ್ಕವೂ ಅಲ್ಲ, ಅಪ್ಪನ ಎದುರು ಗೊತ್ತಿಲ್ಲ ಎನ್ನಲು ಆಗದ ನಾಚಿಕೆ. ಮೇಷ್ಟ್ರು ಆ ಮೊದಲ ಸಲಹೆ ಕೊಟ್ಟಿದ್ದರೆ ಕಾಫಿ ರೇಟಿನ ಚರ್ಚೆ ಆಗುತ್ತಿತ್ತು, ಇದು ಹೊರಗೆ ಬರುತ್ತಿರಲಿಲ್ಲ. ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ 'ಸಕ್ರಿಯ ಆಲಿಸುವಿಕೆ' ಎಂದು ಹೆಸರಿಟ್ಟು ಬರೆದದ್ದರ ತಿರುಳು ಇದೇ. ಮಾತಿನ ಅರ್ಥವನ್ನಷ್ಟೇ ಕೇಳಿದರೆ ಸಾಲದು, ಅದರ ಹಿಂದಿನ ಭಾವವನ್ನೂ ಕೇಳಿಸಿಕೊಂಡು, ಕೇಳಿಸಿತು ಎಂದು ತೋರಿಸಬೇಕು.

ಮುಂದಿನ ಪ್ರಶ್ನೆ ಹೇಗಿರಬೇಕು? 'ಯಾಕೆ ಅಪ್ಪನ ಹತ್ರ ಹೇಳಲಿಲ್ಲ?' ಎಂದರೆ ಅದು ಪೊಲೀಸ್ ಪ್ರಶ್ನೆ. ಹುಡುಗ ಸಮರ್ಥನೆಗೆ ಇಳಿಯುತ್ತಾನೆ. 'ಯಾಕೆ' ಎಂದು ಶುರುವಾಗುವ ಪ್ರಶ್ನೆಗಳನ್ನು ಆದಷ್ಟು ಬಿಡುವುದು ಒಳ್ಳೆಯದು. 'ಅಪ್ಪನ ಹತ್ರ ಹೇಳಿದ್ರೆ ಏನಾಗುತ್ತೆ ಅನ್ಸುತ್ತೆ?', 'ಲೆಕ್ಕ ಕೈಗೆ ಸಿಕ್ಕಿದ್ರೆ ಲೀಸಿನ ಯೋಚನೆ ಏನಾಗ್ತಿತ್ತು?', 'ಇದನ್ನ ಕಲಿಸಬಲ್ಲವರು ಅಪ್ಪನ್ನ ಬಿಟ್ಟು ಇನ್ಯಾರಿದ್ದಾರೆ?' ಇವು ಬಾಗಿಲು ತೆರೆಯುವ ಪ್ರಶ್ನೆಗಳು. ಒಂದು ಸಲಕ್ಕೆ ಒಂದೇ ಕೇಳಿ. ಪ್ರಶ್ನೆಯ ವೇಷ ಹಾಕಿದ ಸಲಹೆಯನ್ನೂ ಗುರುತಿಸಿ. 'ಹೊಸ ರೈಟರ್ ಇಟ್ಕೊಂಡ್ರೆ ಒಳ್ಳೇದಲ್ವಾ?' ಎಂಬುದಕ್ಕೆ ಪ್ರಶ್ನಾರ್ಥಕ ಚಿಹ್ನೆ ಇದೆ ಅಷ್ಟೆ.

ಕೊನೆಯಲ್ಲಿ ಒಂದು ಕೆಲಸ, ಒಂದು ದಿನಾಂಕ. ಅದನ್ನು ಹುಡುಗನೇ ಹೇಳಬೇಕು. 'ಶನಿವಾರ ಕೂಲಿ ಬಟವಾಡೆ ಮಾಡೋವಾಗ ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬರೀತೀನಿ.' ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆದಿರಬಹುದು. ಹೇಳಬಾರದು. ಹುಡುಗ ತಾನೇ ಹೇಳಿದ ಅರೆಬರೆ ಉಪಾಯವನ್ನು ಮಾಡುತ್ತಾನೆ, ಮೇಷ್ಟ್ರ ಭರ್ಜರಿ ಉಪಾಯವನ್ನು ಕೇಳಿ 'ಹ್ಞೂಂ ಸರ್' ಎಂದು ಹೋಗುತ್ತಾನೆ.

ನಮ್ಮ ಕಡೆಯ ಇನ್ನೊಂದು ತೊಡಕು ವಯಸ್ಸು. ಇಪ್ಪತ್ತೆಂಟರ ಕೋಚ್ ಎದುರು ಅರವತ್ತರ ಬೆಳೆಗಾರರು ಕೂತರೆ, 'ನಿಮ್ಗೆ ಏನನ್ಸುತ್ತೆ?' ಎಂಬ ಪ್ರಶ್ನೆ ಪರೀಕ್ಷೆ ಮಾಡಿದ ಹಾಗೆ ಕೇಳಿಸಬಹುದು. ಮೊದಲೇ ಅಪ್ಪಣೆ ಕೇಳುವುದು ಇದಕ್ಕೆ ಮದ್ದು: 'ಅಣ್ಣಾ, ನಾನು ಪ್ರಶ್ನೆ ಜಾಸ್ತಿ ಕೇಳ್ತೀನಿ, ನನ್ನ ಕೆಲಸವೇ ಅದು. ಬೇಡ ಅನ್ಸಿದ್ದಕ್ಕೆ ಉತ್ತರ ಕೊಡ್ಬೇಡಿ.' ತಿರುವುಮುರುವು ಆದಾಗ, ಎಂದರೆ ಹಿರಿಯ ಕೋಚ್ ಎದುರು ಕಿರಿಯರು ಕೂತಾಗ, ಅಪಾಯ ಹೆಚ್ಚು. ಕಿರಿಯರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಕೋಚ್‌ಗೆ ಕೆಲಸ ಚೆನ್ನಾಗಿ ಆಗುತ್ತಿದೆ ಎನ್ನಿಸುತ್ತದೆ. ಪಂಚಾಯಿತಿಗೆ ಮೊದಲ ಸಲ ಗೆದ್ದ ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ನಿಜ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಸಭೆಯಲ್ಲಿ ಮಾತಾಡಲು ಕಲಿಸುತ್ತೇನೆಂದು ಹೋಗಿ ಅವರ ಬದಲು ತಾನೇ ಮಾತಾಡಿ ಬರುವವರು ಸಾಕಷ್ಟಿದ್ದಾರೆ.

ಇದು ನನ್ನ ಕೈಯದ್ದಲ್ಲ ಎನ್ನುವುದು ಯಾವಾಗ

ಬೇಲೂರು, ಸಕಲೇಶಪುರ ಕಡೆ ಕಾಡಾನೆಯ ಭಯ ತೋಟದ ದಿನಚರಿಯ ಭಾಗವಾಗಿಬಿಟ್ಟಿದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರನ್ನು ಆನೆ ತುಳಿದದ್ದನ್ನು ಕಣ್ಣಾರೆ ನೋಡಿದವರಿದ್ದಾರೆ. ಅಂಥವರೊಬ್ಬರು ಬಂದು, 'ತೋಟಕ್ಕೆ ಹೋಗಕ್ಕೆ ಮನಸ್ಸಾಗಲ್ಲ, ಧೈರ್ಯ ಬರೋ ಹಂಗೆ ಮಾಡಿ' ಎಂದರೆ ಅದು ಕೋಚಿಂಗ್ ಅಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಒಂದೇ ದೃಶ್ಯ ಕಣ್ಮುಂದೆ ಬರುತ್ತದೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾರೆ ಎಂದಾದರೆ ಗುರಿ, ದಾರಿ, ಹೆಜ್ಜೆ ಎಂದು ಪ್ರಶ್ನೆ ಕೇಳುವುದು ಕ್ರೌರ್ಯ. ಕುಡಿತ ಬಿಡಲಾಗದವರು, ಸಾಯುವ ಮಾತಾಡುವವರು, ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು, ಇವರಿಗೂ ಕೋಚ್ ಬೇಡ, ಬೇರೆ ಸಹಾಯ ಬೇಕು.

ಟೆಲಿ ಮನಸ್ ಸಹಾಯವಾಣಿ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 'ನನ್ನ ಕೈಲಿ ಆಗಲ್ಲ, ಅವರ ಹತ್ತಿರ ಹೋಗಿ' ಎಂದು ಬಾಯಲ್ಲಿ ಹೇಳಿ ಕೈತೊಳೆದುಕೊಳ್ಳದೆ, ಫೋನು ಹಚ್ಚಿಕೊಟ್ಟು, ಮಾತು ಶುರುವಾಗುವವರೆಗೆ ಪಕ್ಕದಲ್ಲಿ ಕೂರುವುದೂ ನೀತಿಯ ಭಾಗವೇ.

ಹಣ, ಸರ್ಟಿಫಿಕೇಟು, ಮೋಸ

ಭಾರತದಲ್ಲಿ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಯಾವ ಲೈಸೆನ್ಸೂ ಬೇಕಿಲ್ಲ. ಸರ್ಟಿಫಿಕೇಟು ಕೊಡುವವರಿಗೂ ಬೇಕಿಲ್ಲ. ಹಾಗಾಗಿ ಅಳತೆಗೋಲು ಹೊರಗಿನದೇ. ಐಸಿಎಫ್‌ನ ಮೊದಲ ಹಂತ ಎಸಿಸಿ. ಅದಕ್ಕೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ನಿಜವಾದ ಕೋಚಿಂಗ್ ಅನುಭವ ಬೇಕು, ಜೊತೆಗೆ 10 ಗಂಟೆ ಅನುಭವಿಗಳು ತಿದ್ದುವ ಮೆಂಟರ್ ಕೋಚಿಂಗ್. ಎರಡನೆಯ ಹಂತ ಪಿಸಿಸಿ, 125 ಗಂಟೆ ತರಬೇತಿ, 500 ಗಂಟೆ ಅನುಭವ. ಮೂರನೆಯ ಎಂಸಿಸಿಗೆ 200 ಗಂಟೆ ತರಬೇತಿ, 2,500 ಗಂಟೆ ಅನುಭವ. ಮೂರು ವರ್ಷಕ್ಕೊಮ್ಮೆ ನವೀಕರಣ. ಎರಡು ದಿನದಲ್ಲಿ 'ಅಂತರರಾಷ್ಟ್ರೀಯ ಮಾನ್ಯತೆ' ಕೊಡುತ್ತೇವೆ ಎನ್ನುವವರನ್ನು ಈ ಗಂಟೆಗಳ ಪಕ್ಕದಲ್ಲಿಟ್ಟು ನೋಡಿ. ಐಸಿಎಫ್ ಮಾನ್ಯತೆ ಇದೆ ಎಂದು ಯಾರಾದರೂ ಹೇಳಿಕೊಂಡರೆ ಆ ಸಂಸ್ಥೆಯ ಜಾಲತಾಣದಲ್ಲಿ ಹೆಸರು ಹಾಕಿ ತಾಳೆ ನೋಡಬಹುದು. ಮಾನ್ಯತೆ ಪಡೆದವರು ನೀತಿ ತಪ್ಪಿದರೆ ಅಲ್ಲಿಗೇ ದೂರು ಕೊಡಬಹುದು. ಮಾನ್ಯತೆ ಇಲ್ಲದ ಒಳ್ಳೆಯ ಕೋಚ್‌ಗಳೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಎಲ್ಲಿ ಕಲಿತಿರಿ, ಎಷ್ಟು ಗಂಟೆ ಮಾಡಿದ್ದೀರಿ, ನಿಮ್ಮನ್ನು ತಿದ್ದುವವರು ಯಾರು ಎಂಬ ಮೂರು ಪ್ರಶ್ನೆಗೆ ಅವರು ಮುಜುಗರವಿಲ್ಲದೆ ಉತ್ತರ ಕೊಡುತ್ತಾರೆ.

ಫಲಿತಾಂಶದ ಗ್ಯಾರಂಟಿ ಕೊಡುವವರು, ಇವತ್ತೇ ಕಟ್ಟಿದರೆ ಅರ್ಧ ಬೆಲೆ ಎನ್ನುವವರು, ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್ ಕೊಡುವವರು, ಇವರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ದುಡ್ಡು ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಅಲ್ಲಿ ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ, ತೊಂದರೆಯಾದ ಎರಡು ವರ್ಷದೊಳಗೆ ದೂರು ಹೋಗಬೇಕು. ರಸೀದಿ, ಯುಪಿಐ ಸಂದೇಶ, ಜಾಹೀರಾತಿನ ಸ್ಕ್ರೀನ್‌ಶಾಟ್ ಉಳಿಸಿಕೊಂಡಿರಿ.

ಕೋಚ್ ಆಗಬೇಕೆನ್ನುವ ಬಿಕ್ಕೋಡಿನವರು ಊರಿನಲ್ಲಿ ಬೋರ್ಡು ಹಾಕುವ ಮೊದಲು ಊರಾಚೆಯವರೊಂದಿಗೆ ಅಭ್ಯಾಸ ಮಾಡಿಕೊಳ್ಳಲಿ, ಆನ್‌ಲೈನಿನಲ್ಲಿ ಅರಸೀಕೆರೆಯವರೋ ಮೈಸೂರಿನವರೋ ಸಿಗುತ್ತಾರೆ. ಜೊತೆಗೆ ಕಲಿತವರ ಒಂದು ಗುಂಪು ಕಟ್ಟಿಕೊಂಡು, ಗಿರಾಕಿಯ ಹೆಸರು ಊರು ಹೇಳದೆ ತಮ್ಮ ಎಡವಟ್ಟುಗಳನ್ನು ತಿಂಗಳಿಗೊಮ್ಮೆ ಚರ್ಚಿಸಲಿ. ಕೋಚ್ ಹುಡುಕುತ್ತಿರುವವರಿಗೆ ಒಂದೇ ಮಾತು: ಮೊದಲ ಭೇಟಿಯಲ್ಲಿ ಒಪ್ಪಂದದ ಹಾಳೆ ಕೇಳಿ, ಅದರಲ್ಲಿ ಗುಟ್ಟಿನ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ತೋರಿಸಲು ಆಗದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.